ಮೂಲಭೂತ ಸಂಶೋಧನೆ ಮತ್ತು ಸಂಶೋಧನ ಲೇಖನದ ಶಿಸ್ತು

ಕನ್ನಡ ಅಧ್ಯಯನ ಕ್ಷೇತ್ರದಲ್ಲಿ ಮೂಲಭೂತ ಸಂಶೋಧನೆ ಎಂದರೆ ಶಾಸನ ಪಠನ, ಹಸ್ತಪ್ರತಿ ಸಂಪಾದನೆ, ಕವಿಕಾಲ ನಿರ್ಣಯ ಎಂಬ ತಿಳಿವಳಿಕೆ ರೂಢಿಯಲ್ಲಿದೆ. ಬಿ.ಎಲ್. ರೈಸ್, ಆರ್. ನರಸಿಂಹಾಚಾರ್ ಅವರಂತಹ ಹಿರಿಯರೊಂದಿಗೆ ಆ ಕೆಲಸ ಬಹುಮಟ್ಟಿಗೆ ಮುಗಿಯಿತು, ಇನ್ನು ಉಳಿದಿರುವುದು ವ್ಯಾಖ್ಯಾನ ಮಾತ್ರ ಎಂಬ ಭಾವನೆಯೂ ಇದರ ಜೊತೆಗಿದೆ. ಈ ಭಾವನೆ ಸಾಧುವಲ್ಲ. ಒಂದು ಸಂಗತಿ ಯಾವ ಆಧಾರದಿಂದ ತಿಳಿದುಬಂದಿದೆ ಎಂಬುದನ್ನು ಅದರ ಆಕರದವರೆಗೆ ಹಿಂಬಾಲಿಸಿ ಪರೀಕ್ಷಿಸುವುದೇ ಮೂಲಭೂತ ಸಂಶೋಧನೆ. ಅದು ದಾಟಿ ಬಂದ ಒಂದು ಘಟ್ಟವಲ್ಲ, ಎಲ್ಲ ವ್ಯಾಖ್ಯಾನಗಳ ತಳಹದಿ.

ಹಲ್ಮಿಡಿ ಶಾಸನವನ್ನೇ ನಿದರ್ಶನವಾಗಿ ನೋಡಬಹುದು. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಈ ಹದಿನಾರು ಸಾಲುಗಳ ಶಾಸನವನ್ನು ೧೯೩೬ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ‘ಕ್ರಿ.ಶ. ೪೫೦ರ ಹಲ್ಮಿಡಿ ಶಾಸನ’ ಎಂಬ ಮಾತು, ಕಲ್ಲಿನಲ್ಲಿಯೇ ಆ ವರ್ಷವನ್ನು ಕೊರೆದಿರುವಂತೆ, ಲೇಖನದಿಂದ ಲೇಖನಕ್ಕೆ ಸಾಗಿಬಂದಿದೆ. ಆದರೆ ಶಾಸನದಲ್ಲಿ ತೇದಿಯಿಲ್ಲ. ಲಿಪಿಯ ಸ್ವರೂಪ, ಭಾಷೆ, ಕದಂಬ ಕಾಕುಸ್ಥನ ಉಲ್ಲೇಖ ಮೊದಲಾದ ಆಧಾರಗಳಿಂದ ವಿದ್ವಾಂಸರು ಮಾಡಿದ ಅನುಮಾನ ಅದು. ಶಾಸನ ಅದಕ್ಕಿಂತ ಈಚಿನದೆಂದು ಅಭಿಪ್ರಾಯಪಟ್ಟವರೂ ಇದ್ದಾರೆ. ೨೦೧೩-೧೪ರ ಉತ್ಖನನದಲ್ಲಿ ತಾಳಗುಂದದ ಪ್ರಣವೇಶ್ವರ ದೇವಾಲಯದಲ್ಲಿ ದೊರೆತ ಸಿಂಹಕಟಾಂಜನ ಶಾಸನಕ್ಕೆ ಕ್ರಿ.ಶ. ಸುಮಾರು ೩೭೦ರ ಕಾಲವನ್ನು ಹೇಳಿದ ಮೇಲೆ ಮೊದಲ ಕನ್ನಡ ಶಾಸನದ ಪ್ರಶ್ನೆ ಮತ್ತೆ ಚರ್ಚೆಗೆ ಬಂದಿತು. ಹಲ್ಮಿಡಿಯ ಸ್ಥಾನದಲ್ಲಿ ತಾಳಗುಂದದ ಹೆಸರನ್ನು ಬರೆದುಕೊಳ್ಳುವುದು ಸಂಶೋಧನೆಯಲ್ಲ. ಎರಡರ ಕಾಲನಿರ್ಣಯವನ್ನೂ ಒಂದೇ ಒರೆಗಲ್ಲಿಗೆ ಹಚ್ಚಿ ನೋಡುವುದು ಸಂಶೋಧನೆ.

ಸಂಶೋಧನ ಲೇಖನದ ರಚನೆಯೂ ಈ ವಿವೇಕದಿಂದಲೇ ಹುಟ್ಟಬೇಕು. ಲೇಖನಕ್ಕೆ ವಿಷಯವಷ್ಟೇ ಸಾಲದು, ಸಮಸ್ಯೆ ಬೇಕು. ‘ಹಲ್ಮಿಡಿ ಶಾಸನ: ಒಂದು ಅಧ್ಯಯನ’ ಎಂಬುದು ವಿಷಯ, ‘ಲಿಪಿಯೊಂದರಿಂದಲೇ ಹಲ್ಮಿಡಿ ಶಾಸನದ ಕಾಲವನ್ನು ನಿರ್ಣಯಿಸಬಹುದೇ?’ ಎಂಬುದು ಸಮಸ್ಯೆ. ಮೊದಲನೆಯದಕ್ಕೆ ತಿಳಿದ ಸಂಗತಿಗಳನ್ನು ಒಟ್ಟುಗೂಡಿಸಿದರೆ ಸಾಕು. ಎರಡನೆಯದಕ್ಕೆ ಉತ್ತರ ಹುಡುಕಲೇಬೇಕು. ಪೂರ್ವಾಧ್ಯಯನಗಳ ಸಮೀಕ್ಷೆಯು ಹೆಸರುಗಳ ಪಟ್ಟಿಯಾಗದೆ, ಹಿಂದಿನವರು ಎಲ್ಲಿಗೆ ನಿಲ್ಲಿಸಿದರು, ಏಕೆ ನಿಲ್ಲಿಸಿದರು ಎಂಬುದನ್ನು ತೋರಿಸಬೇಕು. ಆಕರ ಹೇಳುವುದು ಯಾವುದು, ಅದರಿಂದ ಲೇಖಕ ಊಹಿಸಿದ್ದು ಯಾವುದು ಎಂಬ ಗೆರೆ ಓದುಗನಿಗೆ ಸ್ಪಷ್ಟವಾಗಿ ಕಾಣಬೇಕು. ತನ್ನ ನಿಲುವಿಗೆ ವಿರುದ್ಧವಾದ ಸಾಕ್ಷ್ಯವನ್ನು ಮರೆಮಾಡದೆ ಎದುರಿಸಬೇಕು. ಆಧಾರ ‘ಇರಬಹುದು’ ಎನ್ನುವಲ್ಲಿ ತೀರ್ಮಾನ ‘ಆಗಿದೆ’ ಎನ್ನಬಾರದು. ಅಡಿಟಿಪ್ಪಣಿ ಪಾಂಡಿತ್ಯದ ಪ್ರದರ್ಶನವಲ್ಲ. ಓದುಗನು ಅದೇ ದಾರಿಯಲ್ಲಿ ನಡೆದು ಪರೀಕ್ಷಿಸಲೆಂದು ಇಟ್ಟ ಗುರುತು. ಶಾಸನಪಾಠವನ್ನು ಮತ್ತೊಬ್ಬರ ಗ್ರಂಥದಿಂದ ಎತ್ತಿಕೊಂಡು ಅಡಿಟಿಪ್ಪಣಿಯಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟವನ್ನು ಹೆಸರಿಸುವುದು ಆ ಗುರುತನ್ನೇ ಅಳಿಸಿದಂತೆ. ಒಂದು ಅಚ್ಚಿನ ದೋಷ ಹತ್ತು ಲೇಖನಗಳಲ್ಲಿ ಪ್ರಮಾಣವಾಗಿ ನಿಲ್ಲುವುದು ಹೀಗೆಯೇ.

ಇಂತಹ ಕೆಲಸ ಶುಷ್ಕವಾದುದು, ಸಮಾಜ ಸಂಸ್ಕೃತಿಗಳ ದೊಡ್ಡ ಪ್ರಶ್ನೆಗಳಿಗೆ ಹೊರತಾದುದು ಎಂಬ ಆಕ್ಷೇಪವಿದೆ. ಎಂ. ಚಿದಾನಂದಮೂರ್ತಿ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವೇ ಇದಕ್ಕೆ ಸಮಾಧಾನ. ಶಾಸನಗಳ ನಿಕಟ ಓದಿನಿಂದಲೇ ಅಲ್ಲಿ ಜನಜೀವನದ ವಿಶಾಲ ಚಿತ್ರ ಮೂಡಿದೆ.

ನಿಜವಾದ ತೊಡಕು ಬೇರೆಡೆ ಇದೆ. ಯುಜಿಸಿಯ ೨೦೧೦ರ ನಿಯಮಾವಳಿ ಪ್ರಕಟಣೆಗಳಿಗೆ ಅಂಕ ನಿಗದಿಪಡಿಸಿದ ಮೇಲೆ ಅಧ್ಯಾಪಕರ ಬಡ್ತಿಯಲ್ಲಿ ಲೇಖನಗಳ ಸಂಖ್ಯೆಗೆ ಬೆಲೆ ಬಂದಿತು. ಒಂದು ಪಾಠಾಂತರಕ್ಕಾಗಿ ತಿಂಗಳುಗಟ್ಟಲೆ ಹಸ್ತಪ್ರತಿಗಳ ಮುಂದೆ ಕುಳಿತವನಿಗಿಂತ ಅದೇ ಅವಧಿಯಲ್ಲಿ ನಾಲ್ಕು ಸಂಕಲಿತ ಲೇಖನ ಬರೆದವನಿಗೆ ಹೆಚ್ಚು ಲಾಭವಾಗುವ ವ್ಯವಸ್ಥೆಯಲ್ಲಿ ಮೂಲಭೂತ ಸಂಶೋಧನೆ ಸೊರಗುವುದು ಸಹಜ. ಪಿಎಚ್.ಡಿ. ಪ್ರಬಂಧ ಸಲ್ಲಿಕೆಗೆ ಮುನ್ನ ಲೇಖನ ಪ್ರಕಟಿಸಬೇಕೆಂಬ ಕಡ್ಡಾಯವನ್ನು ೨೦೨೨ರ ನಿಯಮಾವಳಿ ಕೈಬಿಟ್ಟಿರುವುದರಿಂದ ಮಾರ್ಗದರ್ಶಕರಿಗೆ ಒಂದು ಅವಕಾಶ ಒದಗಿದೆ. ಅವಸರದ ಪ್ರಕಟಣೆಯ ಬದಲು, ಸಂಶೋಧನಾರ್ಥಿಯಿಂದ ಒಂದು ಶಾಸನವನ್ನೋ ಒಂದು ಹಸ್ತಪ್ರತಿಯ ಕೆಲವು ಗರಿಗಳನ್ನೋ ಸ್ವತಃ ಓದಿಸಿ, ಒಂದೇ ಸಮಸ್ಯೆಯ ಮೇಲೆ ಒಂದೇ ಲೇಖನವನ್ನು ಬರೆಸಬಹುದು. ಅಂತಹ ಲೇಖನದ ತೀರ್ಮಾನ ಮುಂದೆ ಬಿದ್ದುಹೋದರೂ, ಅದು ಬೀಳಲು ಬೇಕಾದ ಆಧಾರಗಳನ್ನು ತಾನೇ ಒದಗಿಸಿದ್ದರೆ ಅದು ಸಾರ್ಥಕ.