ಯಜಮಾನರನ್ನು ಕಳಿಸಿ

ಕಾರಿನ ಗ್ಯಾರೇಜುಗಳಲ್ಲಿ ಹೆಂಗಸರಿಗೆ ಸಿಗುವ ಮರ್ಯಾದೆಗೆ ಏನೂ ಕಮ್ಮಿಯಿಲ್ಲ. ಸ್ಟೂಲು ಒರೆಸಿ ಕೊಡುತ್ತಾರೆ, ಟೀ ತರಿಸುತ್ತಾರೆ. ಗಾಡಿಗೆ ಏನಾಗಿದೆ ಎಂಬುದೊಂದನ್ನು ಬಿಟ್ಟು ಬೇರೆಲ್ಲ ಹೇಳುತ್ತಾರೆ. ಅದನ್ನು ಕೇಳಿದಿರೋ, "ಯಜಮಾನ್ರನ್ನ ಕಳ್ಸಿ ಮೇಡಂ, ಅವ್ರಿಗೆ ಹೇಳ್ತೀನಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ನನ್ನ ಜಗಳ ಈ ಮಾತಿನ ಜೊತೆ.

ನಮ್ಮ ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಎಲ್ಲಿಂದ ಕಳಿಸಲಿ? ಇದ್ದಾಗಲೂ ಅಷ್ಟೆ, ಬಾನೆಟ್ ತೆಗೆಯುವುದು ಹೇಗೆಂದು ನನ್ನನ್ನೇ ಕೇಳುತ್ತಿದ್ದ ಪುಣ್ಯಾತ್ಮರು. ಈಗ ಅತ್ತೆಯವರನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕರೆದೊಯ್ಯಲು ನನಗಿರುವುದು ಹಳೆಯದೊಂದು ಸಣ್ಣ ಕಾರು. ಅದು ನಿಂತರೆ ನಮ್ಮ ಮನೆಯೇ ನಿಂತ ಹಾಗೆ.

ಹೋದ ಮಳೆಗಾಲದಲ್ಲಿ ಮುಂದಿನ ಬಲ ಚಕ್ರದ ಒಳಮೈಗೆಲ್ಲ ಕಪ್ಪು ಗ್ರೀಸ್ ಸಿಡಿದಿತ್ತು. ಗ್ಯಾರೇಜಿನವನು (ಹೆಸರು ಬೇಡ, ಊರಿನಲ್ಲಿ ಮುಖ ನೋಡಬೇಕಲ್ಲ) ಅರ್ಧ ಬಗ್ಗಿ ನೋಡಿ, "ಆಕ್ಸೆಲ್ ಹೋಗಿದೆ, ಪೂರ್ತಿ ಬದಲಾಯಿಸ್ಬೇಕು" ಎಂದು ಸಾವಿರಗಳ ಲೆಕ್ಕ ಹೇಳಿದ. ಏನು ಹೋಗಿದೆ ತೋರಿಸಪ್ಪಾ ಎಂದರೆ ಅದೇ, ಯಜಮಾನರನ್ನು ಕಳಿಸಿ!

ಗಾಡಿಯನ್ನು ಇನ್ನೊಂದು ಕಡೆಗೆ ಒಯ್ದೆ. ಅಲ್ಲಿಯ ವಯಸ್ಸಾದ ಮೇಸ್ತ್ರಿ ಟಾರ್ಚ್ ಹಿಡಿದು, "ಬಗ್ಗಿ ನೋಡಿ ತಾಯಿ" ಎಂದರು. ಹೋಗಿದ್ದದ್ದು ಆಕ್ಸೆಲ್ ಅಲ್ಲ, ಅದರ ತುದಿಯ ರಬ್ಬರ್ ಬೂಟು.

ಸಂಗತಿ ಇಷ್ಟೇ. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರಗಳೇ ಎಳೆಯುವಂಥವು. ಆ ಚಕ್ರ ಓಡಲೂ ಬೇಕು, ಸ್ಟಿಯರಿಂಗ್ ತಿರುಗಿಸಿದರೆ ಹೊರಳಲೂ ಬೇಕು. ಅದಕ್ಕಾಗಿ ಆಕ್ಸೆಲ್ಲಿನ ತುದಿಯಲ್ಲಿ ನಮ್ಮ ಮಣಿಕಟ್ಟಿನ ಹಾಗೆ ಒಂದು ಕೀಲು. ಒಳಗೆ ಸಾಮಾನ್ಯವಾಗಿ ಆರು ಉಕ್ಕಿನ ಗುಂಡು, ಸುತ್ತ ಗ್ರೀಸ್, ಮೇಲೆ ಹಾರ್ಮೋನಿಯಂ ತಿದಿಯಂತೆ ನೆರಿಗೆ ನೆರಿಗೆಯಾದ ರಬ್ಬರ್ ಚೀಲ. ರಬ್ಬರ್ ಹಳತಾಗಿ ಸೀಳಿತೋ, ಗ್ರೀಸ್ ಹೊರಗೆ, ಮಣ್ಣು ನೀರು ಒಳಗೆ. ಹಾಗೇ ಓಡಿಸುತ್ತಿದ್ದರೆ ಕೀಲು ಸವೆದು, ಪೂರಾ ತಿರುಗಿಸಿದಾಗ 'ಟಕ್ ಟಕ್' ಎನ್ನತೊಡಗುತ್ತದೆ. ಆ ಸದ್ದು ಬಂದ ಮೇಲೆ ಬರೀ ಬೂಟು ಹಾಕಿ ಪ್ರಯೋಜನವಿಲ್ಲ. ಆಗ ಮೊದಲಿನವನು ಹೇಳಿದ್ದೇ ಸರಿಯಾಗುತ್ತಿತ್ತು. ನನ್ನ ಗಾಡಿಯಲ್ಲಿ ಸದ್ದಿರಲಿಲ್ಲ. ಅವನು ಅದನ್ನು ಕೇಳಲೂ ಇಲ್ಲ.

ಮೇಸ್ತ್ರಿ ಚಕ್ರ ಬಿಚ್ಚಿ, ಆಕ್ಸೆಲ್ ಎಳೆದು, ಕೀಲನ್ನು ಕಳಚಿ ತೊಳೆದು ಒರೆಸಿ, ಗುಂಡುಗಳನ್ನು ಬೆಳಕಿಗೆ ಹಿಡಿದು ನೋಡಿದರು. ಹೊಸ ಬೂಟು, ಹೊಸ ಗ್ರೀಸ್, ಬಿಗಿಯಲು ಎರಡು ಕ್ಲಿಪ್ಪು. ಸಾಮಾನಿಗೆ ಕೆಲವು ನೂರು ರೂಪಾಯಿ, ಕೂಲಿ ಅದಕ್ಕಿಂತ ಹೆಚ್ಚು. ಆ ಕೂಲಿ ನ್ಯಾಯವೇ. ಬಿಚ್ಚಿ ಜೋಡಿಸುವುದರಲ್ಲೇ ಬೆನ್ನು ಬೀಳುವಷ್ಟು ಕೆಲಸವಿದೆ, ಕಣ್ಣಾರೆ ಕಂಡೆ.

ಇದರಲ್ಲಿ ಹೆಂಗಸರ ತಲೆಗೆ ಹತ್ತದ್ದು ಏನಿದೆ ಹೇಳಿ? ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಕುಕ್ಕರನ್ನೇ ಬಿಸಾಡುತ್ತೇವೆಯೇ? 1888ರಲ್ಲಿ ಜರ್ಮನಿಯ ಬರ್ಥಾ ಬೆಂಜ್ ಗಂಡನಿಗೆ ಹೇಳದೆ, ಅವನೇ ಮಾಡಿದ ಮೋಟಾರು ಗಾಡಿಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ತವರಿಗೆ ಹೊರಟಳು. ದಾರಿಯಲ್ಲಿ ಎಣ್ಣೆಯ ಕೊಳವೆ ಕಟ್ಟಿಕೊಂಡಾಗ ಹ್ಯಾಟಿನ ಪಿನ್ನಿನಿಂದ ಬಿಡಿಸಿಕೊಂಡಳು. ಯಜಮಾನರನ್ನು ಕಳಿಸಿ ಎನ್ನಲು ಆಗ ಗ್ಯಾರೇಜೇ ಇರಲಿಲ್ಲ, ಅವಳ ಅದೃಷ್ಟ.

ನಮ್ಮವರೂ ಕಮ್ಮಿಯಿಲ್ಲ ಬಿಡಿ. "ಅದೆಲ್ಲ ನಮ್ಮನೆಯವರೇ ನೋಡ್ಕೋತಾರೆ, ನಂಗೇನೂ ಗೊತ್ತಾಗಲ್ಲ" ಎಂದು ಮದುವೆ ಮನೆಯಲ್ಲಿ ಒಡವೆ ತೋರಿಸಿದಷ್ಟೇ ಜಂಬದಿಂದ ಹೇಳುವವರಿದ್ದಾರೆ. ಗ್ಯಾರೇಜಿನವನ ಮಾತಿಗಿಂತ ಇದು ನನಗೆ ಹೆಚ್ಚು ಉರಿ ಹತ್ತಿಸುತ್ತದೆ. ಅವನು ಇಂಥ ಮಾತು ಕೇಳಿ ಕೇಳಿಯೇ ಕಲಿತವನು. ದುಡಿದು ಕಂತು ಕಟ್ಟುವವಳು ನೀನು, ಮಕ್ಕಳನ್ನು ಕೂರಿಸಿಕೊಂಡು ಓಡಿಸುವವಳು ನೀನು. ಚಕ್ರದ ಹಿಂದೆ ಒಮ್ಮೆ ಬಗ್ಗಿ ನೋಡಿದರೆ ಯಾವ ಮಾನ ಹೋಗುತ್ತದೆ? ಸೀರೆಗೆ ಗ್ರೀಸ್ ಆಗುತ್ತದೆ, ಅಷ್ಟೆ.

ಗ್ಯಾರೇಜಿನವರಿಗೂ ಒಂದು ಮಾತು. ನಿಮ್ಮ ಟೀ ನಮಗೆ ಬೇಡ. ಬಿಚ್ಚಿದ ಹಳೆಯ ಸಾಮಾನನ್ನು ಬಿಲ್ಲಿನ ಜೊತೆ ನಮ್ಮ ಕೈಗೇ ಕೊಡಿ. ಗ್ರೀಸ್ ಮೆತ್ತಿಕೊಂಡಿದ್ದರೆ ಹಳೇ ಪೇಪರಿನಲ್ಲಿ ಸುತ್ತಿಕೊಡಿ, ಸಾಕು.