ಕಲೆ ಬೀಳದ ಹೊಲಿಗೆ ಇದೆಯೇ?

ಪ್ರಶ್ನೆ: ನನ್ನ ಮೊದಲ ಹೆರಿಗೆ ಸಿಸೇರಿಯನ್ ಆಗಿತ್ತು. ಹೊಲಿಗೆಯ ಜಾಗದಲ್ಲಿ ಏಣಿಯಂತೆ ಅಡ್ಡಗೆರೆಗಳಿರುವ ದಪ್ಪ ಕಲೆ ಉಳಿದಿದೆ, ಈಗಲೂ ತುರಿಸುತ್ತದೆ. ಎರಡನೆಯದಕ್ಕೂ ಆಪರೇಷನ್ ಬೇಕೆಂದಿದ್ದಾರೆ. ನಾದಿನಿಗೆ ಹಾಕಿದ ‘ಕರಗುವ ಹೊಲಿಗೆ’ಯ ಗುರುತು ಕೂದಲೆಳೆಯಷ್ಟೇ ಇದೆ. ನಾನೂ ಅದನ್ನೇ ಹಾಕಿಸಬಹುದೇ? ಡಾಕ್ಟರರನ್ನು ಕೇಳಲು ಸಂಕೋಚ.
- ಓದುಗ ಸಹೋದರಿ, ಬೆಳವಣಕಿ

ಉತ್ತರ: ಸಂಕೋಚ ಬೇಡ ಸಹೋದರಿ, ಖಂಡಿತ ಕೇಳಿ. ಆದರೆ ಕಲೆಯೇ ಬೀಳದ ಹೊಲಿಗೆ ಎಲ್ಲಿಯೂ ಇಲ್ಲ. ಆಳವಾಗಿ ಕೊಯ್ದ ಚರ್ಮ ಕೂಡಿಕೊಂಡಾಗ ಗುರುತು ಉಳಿದೇ ಉಳಿಯುತ್ತದೆ. ಅದು ತೆಳುಗೆರೆಯಾಗುವುದೋ ದಪ್ಪಗಾಗುವುದೋ ಎಂಬುದರಲ್ಲಿ ಹೊಲಿಗೆಯ ಪಾಲೂ ಇದೆ, ನಿಮ್ಮ ಚರ್ಮದ ಗುಣದ ಪಾಲೂ ಇದೆ.

ಗಾಯಕ್ಕೆ ಯಾವ ದಾರ ಒಳ್ಳೆಯದೆಂಬ ಚಿಂತೆ ಇಂದಿನದಲ್ಲ. ಸ್ಪೇನಿನ ಕಾರ್ಡೋಬಾದ ಪ್ರಸಿದ್ಧ ವೈದ್ಯ ಅಝ್ಝಹ್ರಾವಿ (936-1013) ತಮ್ಮ ‘ಅತ್ತಸ್ರೀಫ್’ ಗ್ರಂಥದಲ್ಲಿ, ಪ್ರಾಣಿಯ ಕರುಳಿನಿಂದ ತೆಗೆದ ದಾರದಿಂದ ಒಳಗಿನ ಗಾಯ ಹೊಲಿಯುವುದನ್ನು ವಿವರಿಸಿದ್ದಾರೆ. ಇಂದಿನ ಕರಗುವ ದಾರಗಳು ಹೆಚ್ಚಾಗಿ ಕೃತಕವಾದವು. ಕೆಲವು ಎರಡು ತಿಂಗಳಲ್ಲಿ, ಕೆಲವು ಮೂರು-ನಾಲ್ಕು ತಿಂಗಳಲ್ಲಿ ಕರಗುತ್ತವೆ.

ಮೇಲಿನ ಹೊಲಿಗೆ: ಚರ್ಮದ ಮೇಲಿಂದ ಸೂಜಿ ಚುಚ್ಚಿ ಒಂದೊಂದಾಗಿ ಗಂಟು ಹಾಕುತ್ತಾರೆ. ಕೌದಿ ಹೊಲಿಯುವಾಗ ದಾರ ಬಿಗಿ ಎಳೆದರೆ ಬಟ್ಟೆ ಸುಕ್ಕುಗಟ್ಟುತ್ತದಲ್ಲವೇ? ಚರ್ಮವೂ ಹಾಗೆಯೇ. ದಾರ ಅತಿ ಬಿಗಿಯಾದರೆ ಅಥವಾ ಹೆಚ್ಚು ದಿನ ಉಳಿದರೆ ಏಣಿಯಂತಹ ಗುರುತು ಬೀಳುತ್ತದೆ. ಮುಖದ ಹೊಲಿಗೆಯನ್ನು ಸಾಮಾನ್ಯವಾಗಿ 3ರಿಂದ 5 ದಿನಗಳಲ್ಲಿ, ಹೊಟ್ಟೆಯದನ್ನು 7ರಿಂದ 10, ಕಾಲು ಮತ್ತು ಕೀಲಿನ ಮೇಲಿನದನ್ನು 10ರಿಂದ 14 ದಿನಗಳಲ್ಲಿ ಬಿಚ್ಚುತ್ತಾರೆ. ಗದಗ, ಹುಬ್ಬಳ್ಳಿಗೆ ಹೋಗಿ ಬಂದವರು ಮತ್ತೆ ಅಷ್ಟು ದೂರ ಹೋಗಲಾರದೆ ದಿನ ತಳ್ಳುವುದುಂಟು. ಹಾಗೆ ಮಾಡಬೇಡಿ. ಚೀಟಿ ಬರೆಸಿಕೊಂಡು ಬಂದರೆ ಹತ್ತಿರದ ಆಸ್ಪತ್ರೆಯಲ್ಲೂ ಬಿಚ್ಚಿಸಬಹುದು. ಈ ಹೊಲಿಗೆಗೂ ಗುಣವಿದೆ: ಕೀವಾದರೆ ಒಂದೆರಡನ್ನು ಮಾತ್ರ ಬಿಚ್ಚಿ ಗಾಯ ಸ್ವಚ್ಛಗೊಳಿಸಬಹುದು.

ಒಳಹೊಲಿಗೆ: ಸೀರೆಗೆ ಫಾಲ್ ಹಚ್ಚುವಾಗ ದಾರ ಹೊರಗೆ ಕಾಣದಂತೆ ಹೊಲಿಯುತ್ತೇವಲ್ಲ, ಅದೇ ರೀತಿ ದಾರ ಚರ್ಮದೊಳಗೇ ಸಾಗುತ್ತದೆ. ಅಡ್ಡಗೆರೆ ಬೀಳುವುದಿಲ್ಲ. ಕರಗುವ ದಾರವಾದರೆ ಬಿಚ್ಚಿಸುವ ಓಡಾಟವೂ ಇಲ್ಲ. ನಿಮ್ಮ ನಾದಿನಿಗೆ ಹಾಕಿದ್ದು ಬಹುಶಃ ಇದೇ.

ಪಿನ್: ಬೇಗ ಹಾಕಿ ಮುಗಿಸಬಹುದು. ಆದರೆ ಅಮೆರಿಕದಲ್ಲಿ 746 ಸಿಸೇರಿಯನ್ ತಾಯಂದಿರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಿನ್ ಹಾಕಿದವರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಗಾಯದ ತೊಂದರೆಯಾದರೆ, ಹೊಲಿಗೆ ಹಾಕಿದವರಲ್ಲಿ ಸುಮಾರು 5 ಮಂದಿಗೆ ಆಗಿತ್ತು.

ಗುಟ್ಟು ದಾರ ಕರಗುವುದರಲ್ಲಿ ಮಾತ್ರ ಇಲ್ಲ. ಕೆಳಗಿನ ಪದರಗಳನ್ನು ಸರಿಯಾಗಿ ಹೊಲಿದು ಎಳೆತವನ್ನು ಅವು ಹೊರುವಂತೆ ಮಾಡಿದರೆ ಮೇಲಿನ ಚರ್ಮ ಹಗುರವಾಗಿ ಕೂಡುತ್ತದೆ, ಕಲೆ ತೆಳ್ಳಗಾಗುತ್ತದೆ.

ನಿಮ್ಮ ಕಲೆಯನ್ನು ಒಮ್ಮೆ ಗಮನಿಸಿ. ಕೊಯ್ದ ಗೆರೆಯ ಮೇಲಷ್ಟೇ ಉಬ್ಬಿದೆಯೇ, ಗೆರೆ ದಾಟಿ ಪಕ್ಕದ ಚರ್ಮಕ್ಕೂ ಹರಡಿದೆಯೇ? ಹರಡಿದ್ದರೆ ಅದು ಕೀಲಾಯ್ಡ್ ಇರಬಹುದು. ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟು ಬೆಳೆಯುವುದೂ ಇದರಿಂದಲೇ. ಅಂಥ ಚರ್ಮದಲ್ಲಿ ಎಷ್ಟು ಒಳ್ಳೆಯ ಹೊಲಿಗೆ ಹಾಕಿದರೂ ಮತ್ತೆ ಬೆಳೆಯಬಹುದು, ಮೊದಲೇ ಹೇಳಿದರೆ ಮುಂಜಾಗ್ರತೆ ವಹಿಸುತ್ತಾರೆ. ಎರಡನೇ ಸಿಸೇರಿಯನ್‌ನಲ್ಲಿ ಹಳೆಯ ಕಲೆಯನ್ನೇ ಕತ್ತರಿಸಿ ತೆಗೆದು ಹೊಸದಾಗಿ ಹೊಲಿಯುವುದೂ ಉಂಟು, ಅದನ್ನೂ ಕೇಳಿ.

ಮನೆಗೆ ಬಂದ ಮೇಲೆ ಹಸಿ ಗಾಯಕ್ಕೆ ಅರಿಶಿನ, ಬೂದಿ, ಎಣ್ಣೆ ಹಚ್ಚಬೇಡಿ. ಭಾರ ಎತ್ತಬೇಡಿ. ಗಾಯ ಪೂರ್ತಿ ಕೂಡಿದ ಮೇಲೆ ವೈದ್ಯರ ಸಲಹೆಯಂತೆ ಸಿಲಿಕೋನ್ ಹಾಳೆಯನ್ನು ದಿನಕ್ಕೆ 12 ಗಂಟೆಯಂತೆ ಎರಡು-ಮೂರು ತಿಂಗಳು ಅಂಟಿಸಿದರೆ ಉಬ್ಬು ತಗ್ಗಬಹುದು. ಕಲೆಯ ಬಣ್ಣ ತಿಳಿಯಾಗಲು ವರ್ಷವೇ ಬೇಕು.

ಕೊನೆಗೆ ಬಹಳ ಮುಖ್ಯವಾದ ಮಾತು. ಹೊರಗಿನ ಕಲೆ ನೋಡಿ ಗರ್ಭಕೋಶದ ಮೇಲಿನ ಹೊಲಿಗೆ ಹೇಗಿದೆಯೆಂದು ಹೇಳಲಾಗದು. ಹೊರಗೆ ಕೂದಲೆಳೆಯಂತಿದ್ದರೂ ಒಳಗೆ ದುರ್ಬಲವಾಗಿರಬಹುದು. ಆದ್ದರಿಂದ ಮೊದಲ ಹೆರಿಗೆಯ ಡಿಸ್ಚಾರ್ಜ್ ಕಾರ್ಡನ್ನು ತಪ್ಪದೆ ಒಯ್ಯಿರಿ. ಹಳೆಯ ಹೊಲಿಗೆಯ ಜಾಗದಲ್ಲಿ ಬಿಡದೆ ನೋವು ಬಂದರೆ, ರಕ್ತ ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ. ಹೊಲಿಗೆಯ ಅಂದದ ಮಾತು ಅದಾದ ಮೇಲಿನದು.