ರೋಗಿ ಇಲ್ಲಿ, ಕಡತ ಅಲ್ಲಿ

ಕುಮಟಾ, ಹೊನ್ನಾವರ, ಭಟ್ಕಳದ ಬಸ್ ನಿಲ್ದಾಣಗಳಲ್ಲಿ ಬೆಳಗಿನ ಹೊತ್ತು ನಿಂತು ನೋಡಿ. ಸ್ಕ್ಯಾನಿಂಗ್ ಲಕೋಟೆ ಮಡಚದಂತೆ ಎದೆಗೊತ್ತಿಕೊಂಡು ಮಣಿಪಾಲ, ಮಂಗಳೂರಿಗೆ ಹೊರಟವರು ಸಿಗುತ್ತಾರೆ. ಕ್ಯಾನ್ಸರ್ ಎಂದರೆ ಸಾಕು, ‘ಎಲ್ಲಾ ಆ ಕೈಗಾದ್ದೇ’ ಎಂಬ ಮಾತು ನಮ್ಮ ಉತ್ತರ ಕನ್ನಡದಲ್ಲಿ ತಯಾರು. ‘ಏನೂ ಅಪಾಯವಿಲ್ಲ’ ಎಂಬ ಉತ್ತರ ಕೈಗಾ ಅಣು ವಿದ್ಯುತ್ ಸ್ಥಾವರದವರಲ್ಲೂ ಅಷ್ಟೇ ತಯಾರು. ಎರಡಕ್ಕೂ ನನ್ನ ತಕರಾರಿದೆ.

ಪ್ಲುಟೋನಿಯಂ ಸಂಗತಿಯನ್ನೇ ನೋಡಿ. ಕೈಗಾದ ಒಂದು ಇಂಧನ ಕಟ್ಟಿನಲ್ಲಿ 19 ಕಡ್ಡಿ, ಸುಮಾರು 15 ಕಿಲೋ ಯುರೇನಿಯಂ ಆಕ್ಸೈಡ್. ಉರಿದು ಹೊರಬರುವಾಗ ಅದರಲ್ಲಿ ಸುಮಾರು 50 ಗ್ರಾಂ ಪ್ಲುಟೋನಿಯಂ ಹುಟ್ಟಿರುತ್ತದೆ. ಅದರ ಆಲ್ಫಾ ಕಣ ಚರ್ಮ ದಾಟಲಾರದು. ನುಂಗಿದರೂ ಬಹುಪಾಲು ಹೊರಹೋಗುತ್ತದೆ. ದೂಳಾಗಿ ಉಸಿರಿನೊಳಗೆ ಹೊಕ್ಕರೆ ಕತೆ ಬೇರೆ. ಶ್ವಾಸಕೋಶದಲ್ಲಿ ಕೂತು, ರಕ್ತ ಸೇರಿ, ಯಕೃತ್ತು, ಮೂಳೆಗಳಲ್ಲಿ ದಶಕಗಟ್ಟಲೆ ತಂಗಿ ಕ್ಯಾನ್ಸರ್ ತರಬಲ್ಲದು. ಪ್ಲುಟೋನಿಯಂ-239 ಅರ್ಧಕ್ಕಿಳಿಯಲು 24,100 ವರ್ಷ ಬೇಕು. ಕಟ್ಟು ಭದ್ರವಾಗಿರುವಷ್ಟು ದಿನ ನಾವೂ ಭದ್ರ.

ಹಾಗಾದರೆ ಕಾವಲು ಹೇಗಿದೆ? 1994ರ ಮೇನಲ್ಲಿ ಕಟ್ಟುತ್ತಿದ್ದ ರಿಯಾಕ್ಟರಿನ ಗುಮ್ಮಟವೇ ಕುಸಿಯಿತು. 2009ರ ನವೆಂಬರ್‌ನಲ್ಲಿ ಕುಡಿಯುವ ನೀರಿನ ಕೂಲರಿಗೆ ವಿಕಿರಣ ಸೂಸುವ ಟ್ರಿಟಿಯಂ ಬೆರೆತು ಹತ್ತಾರು ನೌಕರರ ಹೊಟ್ಟೆ ಸೇರಿತು. ಒಳಗಿನವರದೇ ಕೈವಾಡ ಎಂದರು. ಟ್ರಿಟಿಯಂ ಪ್ಲುಟೋನಿಯಂನಷ್ಟು ಘೋರವಲ್ಲ, ಒಪ್ಪೋಣ. ಆದರೆ ಬೇಲಿಯ ಒಳಗಿನವರೇ ಹೀಗೆ ಮಾಡಬಹುದಾದರೆ ಬೇಲಿಯ ಮೇಲಿನ ಭರವಸೆ ಎಷ್ಟು?

ಗಾಳಿ, ನೀರು, ಮೀನಿನ ಮಾದರಿ ಪರೀಕ್ಷಿಸುತ್ತೇವೆ ಎನ್ನುತ್ತಾರೆ. ಪರೀಕ್ಷೆ ನಡೆಯುತ್ತಿರುವುದು ನಿಜ. ಸ್ಥಾವರ ನಡೆಸುವವರೂ ಅಳೆಯುವವರೂ ಒಂದೇ ಅಣುಶಕ್ತಿ ಇಲಾಖೆಯವರು ಎಂಬುದೂ ನಿಜ. ಅಂಗಡಿಯವನ ತಕ್ಕಡಿಯನ್ನು ಅಂಗಡಿಯವನೇ ತಪಾಸಣೆ ಮಾಡಿದ ಹಾಗೆ.

1989ರಲ್ಲಿ ಶಿವರಾಮ ಕಾರಂತರು ಕೈಗಾ ವಿರೋಧಿಸಿ ಲೋಕಸಭೆಗೆ ನಿಂತು ಸೋತರು. ಕಾಸರಕೋಡಿನ ಸ್ನೇಹಕುಂಜದ ಡಾ. ಕುಸುಮಾ ಸೊರಬ ಅದೇ ವಿರೋಧ ಹೊತ್ತು ಊರೂರು ತಿರುಗಿದರು. ಅವರ ಪ್ರಶ್ನೆಗಳು ಬಾಕಿ ಇರುವಾಗಲೇ 2018ರ ಡಿಸೆಂಬರ್‌ನಲ್ಲಿ ತಲಾ 700 ಮೆಗಾವಾಟ್‌ನ 5, 6ನೇ ಘಟಕಗಳಿಗೆ ಅಹವಾಲು ಸಭೆ ನಡೆಯಿತು.

ನನ್ನ ಬೇಡಿಕೆ ಇಷ್ಟೇ: ಇಲಾಖೆಯ ಹಂಗಿಲ್ಲದ ವೈದ್ಯರು ತಾಲ್ಲೂಕುವಾರು ಕ್ಯಾನ್ಸರ್ ಲೆಕ್ಕ ತೆಗೆಯಲಿ, ಪ್ರತಿ ವರ್ಷ ಕನ್ನಡದಲ್ಲಿ ಪ್ರಕಟಿಸಲಿ. ಕೈಗಾ ನಿರ್ದೋಷಿಯಾದರೆ ಅದೂ ಗೊತ್ತಾಗಲಿ. ಲೆಕ್ಕಕ್ಕೆ ಮೊದಲು ಜಿಲ್ಲೆಯಲ್ಲೇ ದೊಡ್ಡ ಆಸ್ಪತ್ರೆ ಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಧಾವಿಸುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ದೇಶಕ್ಕೆ ಕರೆಂಟು ಕೊಡುವ ಜಿಲ್ಲೆಯ ರೋಗಿಗಳ ಕಡತವೆಲ್ಲ ಬೇರೆ ಜಿಲ್ಲೆಗಳ ಕಪಾಟಿನಲ್ಲಿದೆ. ಎಣಿಸುವವರು ಎಲ್ಲಿಂದ ಶುರುಮಾಡಬೇಕು?